ಗಾಳಿಯಲ್ಲೊಂದು ರೆಗ್ಯುಲೇಟರು

ಹಳೇ ಫ್ಯಾನ್ ರೆಗ್ಯುಲೇಟರ್ ತಿರುಗಿಸಿದರೆ ಬೆರಳಿಗೆ ಟಕ್ ಟಕ್ ಅಂತ ಸಿಗುತ್ತದಲ್ಲ, ಆ ಟಕ್ಕನ್ನು ಏನನ್ನೂ ಮುಟ್ಟದೆ ಬರಿಗೈಗೆ ಕೊಡಬೇಕು ಅನ್ನುವುದು ನನ್ನ ಹಟವಾಗಿತ್ತು. ದಾರಿ ಹೊಸದೇನಲ್ಲ. ಶ್ರವಣಾತೀತ, ಅಂದರೆ ಕಿವಿಗೆ ಕೇಳಿಸದಷ್ಟು ಕೀಚಲಾದ ಧ್ವನಿಯ ಒತ್ತಡ ಕೈಗೆ ತಿಳಿಯುತ್ತದೆಂದು ಟೋಕಿಯೋ ವಿಶ್ವವಿದ್ಯಾಲಯದ ಶಿನೋದಾ ಅವರ ತಂಡ 2008ರಲ್ಲೇ ತೋರಿಸಿತ್ತು. 2013ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಗಾಳಿಯಲ್ಲಿ ಒಟ್ಟಿಗೆ ಇಂಥ ಹಲವು ಒತ್ತಡದ ಬಿಂದುಗಳನ್ನು ಮೂಡಿಸಿದರು.

ನಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ 40 ಕಿಲೋಹರ್ಟ್ಸ್‌ನ 64 ಟ್ರಾನ್ಸ್‌ಡ್ಯೂಸರ್ (ಈ ಧ್ವನಿ ಹೊರಡಿಸುವ ಪುಟ್ಟ ಸ್ಪೀಕರ್) ತಂದು ಸಾಲಿಗೆ ಎಂಟರಂತೆ ಬೆಸೆದೆ. ಕೆಲಸ ಮಾಡುವ ಬಗೆ ಇಷ್ಟು: ಭಜನೆಯಲ್ಲಿ ಎಲ್ಲರ ಚಪ್ಪಾಳೆಯೂ ಒಬ್ಬನ ಕಿವಿಗೆ ಒಂದೇ ಕ್ಷಣಕ್ಕೆ ಬೀಳಬೇಕಾದರೆ, ದೂರ ಕೂತವರು ಒಂಚೂರು ಮೊದಲೇ ತಟ್ಟಬೇಕು. ಟ್ರಾನ್ಸ್‌ಡ್ಯೂಸರುಗಳೂ ಹಾಗೇ, ಯಾವುದು ಎಷ್ಟು ಮೊದಲು ಅನ್ನುವುದೇ ಲೆಕ್ಕ. ಇಲ್ಲಿ ಅಲೆಯ ಉದ್ದ ಸುಮಾರು 8.6 ಮಿ.ಮೀ. ಲೆಕ್ಕ ಸರಿಯಿದ್ದರೆ ಹೆಚ್ಚುಕಡಿಮೆ ಅಷ್ಟೇ ಅಗಲದ ಜಾಗದಲ್ಲಿ ಒತ್ತಡ ಕೂಡಿಕೊಳ್ಳುತ್ತದೆ.

ಮೊದಲ ರಾತ್ರಿ ಏನೂ ಕೂಡಿಕೊಳ್ಳಲಿಲ್ಲ. ಟ್ರಾನ್ಸ್‌ಡ್ಯೂಸರುಗಳ ಮೇಲಿನ ಪ್ಲಸ್ ಗುರುತು ನಂಬಿದ್ದೇ ತಪ್ಪು. ಒಂದೊಂದನ್ನೂ ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪಿಗೆ ಹಾಕಿ ನೋಡಿದರೆ ಹನ್ನೊಂದು ಉಲ್ಟಾ! ಅವನ್ನು ತಿರುಗಿಸಿ, ಇಡೀ ಫಲಕವನ್ನು ಎಣ್ಣೆ ತಟ್ಟೆಯ ಮೇಲೆ ಬೋರಲು ಹಿಡಿದೆ. ಎಣ್ಣೆಯಲ್ಲಿ ಪುಟ್ಟ ಕುಳಿ ಬಿತ್ತು. ಖುಷಿಯಿಂದ ಅಂಗೈ ಒಡ್ಡಿದರೆ, ಏನೂ ಇಲ್ಲ.

ಇಲ್ಲೇ ನಾನು ಕಲಿತದ್ದು. ಆ ಒತ್ತಡ ಎಣ್ಣೆಗೆ ಸಾಕು, ಚರ್ಮಕ್ಕೆ ಸಾಲದು. ಒಂದೇ ಸಮ ಒತ್ತುತ್ತಿದ್ದರೆ ಅದನ್ನು ಚರ್ಮ ಲೆಕ್ಕಕ್ಕೇ ಇಡುವುದಿಲ್ಲ. ಆದರೆ ಅಂಗೈಯ ಆಳದಲ್ಲಿರುವ ಪ್ಯಾಸಿನಿಯನ್ ಗ್ರಾಹಕಗಳು ಸೆಕೆಂಡಿಗೆ 200–250 ಸಲದ ಕಂಪನಕ್ಕೆ ತೀರಾ ಚುರುಕು. ಬಿಂದುವನ್ನು 200 ಹರ್ಟ್ಸ್‌ನಲ್ಲಿ ಆರಿಸಿ ಹೊತ್ತಿಸಿದೆ. ಅಂಗೈ ಜುಮ್ಮೆಂದಿತು. (ಜೊತೆಗೆ ಫಲಕವೂ ಗುಂಯ್ ಅನ್ನತೊಡಗಿತು, ಆ ಸದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ.)

ಆಮೇಲೆ ಆರಿಸಿ ಹೊತ್ತಿಸುವುದನ್ನು ಬಿಟ್ಟು ಬಿಂದುವನ್ನೇ ಓಡಿಸಿದೆ. ಅದಕ್ಕೆ ಇಷ್ಟೂ ಹೊತ್ತು ಫಲಕವನ್ನು ನಡೆಸುತ್ತಿದ್ದ ನನ್ನ ಪುಟ್ಟ ಆರ್ಡುಯಿನೋ ಬೋರ್ಡ್ ಸಾಲದೆ, ಹಲವು ಸಂಕೇತಗಳನ್ನು ಒಟ್ಟಿಗೇ ಕಳಿಸಬಲ್ಲ ಎಫ್‌ಪಿಜಿಎ ಚಿಪ್ಪಿನ ಬೋರ್ಡ್ ಬೇಕಾಯಿತು. ಮೂರು ಸೆಂ.ಮೀ. ವ್ಯಾಸದ ವೃತ್ತ: ಸೆಕೆಂಡಿಗೆ ಹತ್ತು ಸುತ್ತಾದರೆ ಇದೆಯೋ ಇಲ್ಲವೋ ಅನ್ನುವಷ್ಟು, ಎಪ್ಪತ್ತಕ್ಕೆ ಸ್ಪಷ್ಟ. ಚರ್ಮದ ಮೇಲೇ ಅಲೆಗಳು ಹರಡುತ್ತವೆ, ಬಿಂದುವಿನ ಓಟ ಅವುಗಳ ವೇಗಕ್ಕೆ ಹೊಂದಿದಾಗ ಅನುಭವ ಗಟ್ಟಿಯಾಗುತ್ತದೆ.

ಕೊನೆಗೆ ಟಕ್. ಮಣಿಕಟ್ಟು ಹದಿನೈದು ಡಿಗ್ರಿ ತಿರುಗಿದಾಗೆಲ್ಲ ಒಂದು ಸಣ್ಣ ಮಿಡಿತ. ಕೈ ಹಿಂಬಾಲಿಸುವ ಕ್ಯಾಮೆರಾ ಕೊಂಚ ತಡವಾಗಿ ಹೇಳುತ್ತಿದ್ದರಿಂದ, ನಾನು ತಿರುಗಿಸಿದ್ದು ಒಂದು, ಬೇರೆ ಯಾರೋ ತಟ್ಟಿದ್ದು ಇನ್ನೊಂದು ಅನ್ನಿಸುತ್ತಿತ್ತು. ಬಲ ಹೆಚ್ಚಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಕೈಯ ವೇಗ ನೋಡಿ ಮುಂದಿನ ಟಕ್ಕನ್ನು ಮೊದಲೇ ಅಂದಾಜಿಸಿದ ಮೇಲೆ, ಬಲ ಅಷ್ಟೇ ಇದ್ದರೂ ಟಕ್ ಕೈಗೇ ಸೇರಿದ್ದು ಅನ್ನಿಸಿತು.

ಅಮ್ಮನನ್ನು ಕರೆದು ತೋರಿಸಿದೆ. "ಏನೂ ಇಲ್ವಲ್ಲೋ," ಅಂದರು. ಮೇಲೆ ನೋಡಿದರೆ ಫ್ಯಾನ್ ಐದರಲ್ಲಿ ತಿರುಗುತ್ತಿತ್ತು, ಅದರ ಗಾಳಿಯಲ್ಲಿ ನನ್ನ ಟಕ್ ಕೊಚ್ಚಿಹೋಗಿತ್ತು. ಎದ್ದು ಹೋಗಿ ಗೋಡೆಯ ರೆಗ್ಯುಲೇಟರನ್ನು ಸೊನ್ನೆಗೆ ತಿರುಗಿಸಿದೆ. "ಹಾಂ, ಇರುವೆ ಕುಪ್ಪಳಿಸಿದ ಹಾಗಿದೆ," ಅಂದರು ಅಮ್ಮ. "ಸೆಖೆ ಕಣೋ, ಬೇಗ ಮುಗಿಸು."