ಬೋಳುಗುಡ್ಡ ಹೂಬಿಟ್ಟ ಎರಡು ದಿನ: ನನ್ನ ಅನುಭವ

ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನಲ್ಲಿ ನಡೆಯುವವರು ಈಗ ಬೇಕಾದಷ್ಟು ಮಂದಿ. ನವೆಂಬರ್ ಬಂತೆಂದರೆ ವಾರದ ಕೊನೆಗೆ ಬೆನ್ನಿಗೆ ಚೀಲ ಹೊತ್ತವರ ಸಾಲು ಕಾಣುತ್ತದೆ. ಆದರೆ ಮರಳು ಬಿಟ್ಟು ಮೇಲಿನ ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಬೋಳುಗುಡ್ಡಗಳ ಮೇಲೆಯೇ, ಅದೂ ಮಳೆಗಾಲ ಮುಗಿಯುವ ಮೊದಲೇ, ಒಬ್ಬನೇ ನಡೆದು ಹೂವು ನೋಡಿ ಬರುತ್ತೇನೆ ಎಂದಾಗ ಒಬ್ಬರೂ ನಂಬಲಿಲ್ಲ. "ಆ ಗುಡ್ಡದಲ್ಲಿ ಮುಳ್ಳು ಬಿಟ್ಟರೆ ಇನ್ನೇನಿದೆ ಭಾವ?" ಎಂದು ಹೆಂಡತಿಯ ತಮ್ಮ ಕೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಅಡುಗೆಮನೆಯ ಥರ್ಮಾಮೀಟರನ್ನು ಆ ಕಲ್ಲಿನ ಮೇಲಿಟ್ಟು ನೋಡಿದ್ದೆ, 55 ಡಿಗ್ರಿಯ ಆಸುಪಾಸು ತೋರಿಸಿತು. ವರ್ಷದಲ್ಲಿ ಏಳೆಂಟು ತಿಂಗಳು ಅದು ಮರುಭೂಮಿಯೇ. ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊ ಮರುಭೂಮಿ 2017ರಲ್ಲಿ ಚಳಿಗಾಲದ ಮಳೆ ಚೆನ್ನಾಗಿ ಬಿದ್ದ ಮೇಲೆ ಹೂಬಿಟ್ಟ ಚಿತ್ರಗಳನ್ನು ನೋಡಿದಾಗಲೇ ನನಗೆ ನಮ್ಮ ಗುಡ್ಡಗಳ ನೆನಪಾದದ್ದು. ಅಲ್ಲಿ ಬೀಜಗಳು ವರ್ಷಗಟ್ಟಲೆ ಮಲಗಿರುತ್ತವೆ. ನಮ್ಮಲ್ಲಿ ಮಳೆ ತಪ್ಪುವುದಿಲ್ಲ, ಹಾಗಾಗಿ ಪ್ರತಿ ವರ್ಷವೂ ಏಳುತ್ತವೆ. ನಾವು ನೋಡಲು ಹೋಗುವುದಿಲ್ಲ, ಅಷ್ಟೇ.

ಸರಿಯಾಗಿ ನೋಡಲು ನನಗೆ ನಾಲ್ಕು ವರ್ಷ ಬೇಕಾಯಿತು.

ಮೊದಲ ವರ್ಷ ದೀಪಾವಳಿ ರಜೆಯಲ್ಲಿ ಹೋದೆ. ಗುಡ್ಡವೆಲ್ಲ ಒಣಹುಲ್ಲು. ಶೂಗೆ 4,500, ಚೀಲಕ್ಕೆ 2,800 ರೂಪಾಯಿ ಸುರಿದು ಹುಲ್ಲು ನೋಡಿ ಬಂದೆ. ಎರಡನೆಯ ವರ್ಷ ಅದಕ್ಕೆ ವಿರುದ್ಧವಾದ ತಪ್ಪು: ಜುಲೈ ಕೊನೆಗೆ, ಪುಷ್ಯ ಮಳೆಯಲ್ಲಿ ಹತ್ತಿದೆ. ಮೋಡ ನೆಲಕ್ಕೇ ಇಳಿದು ಹತ್ತು ಮಾರಿನಾಚೆ ಏನೂ ಕಾಣದಾಯಿತು. ಎರಡು ಗಂಟೆ ನಡೆದು ಕೆಳಗಿಳಿದರೆ ಹತ್ತಿದ ಜಾಗದಲ್ಲೇ ನಿಂತಿದ್ದೆ. ಮೊಬೈಲಿಗೆ ನೀರು ಹೋಯಿತು, ಅದು ಒಂಬತ್ತು ಸಾವಿರದ್ದು. ಮೂರನೆಯ ವರ್ಷ ಆಗಸ್ಟ್ ನಡುವೆ ಹೋದಾಗ ಹೂವು ಸಿಕ್ಕಿತು. ಆದರೆ ಕಲ್ಲಿನ ಮೇಲಿನ ಹಾವಸೆಗೆ ಆ ದುಬಾರಿ ಶೂ ಜಾರಿ ಮೊಣಕಾಲು ತಿರುಚಿತು. ಜಾರಿದ ಜಾಗದಿಂದ ಮೂರು ಮಾರು ದೂರದಲ್ಲಿ ಬಿಟ್ಟುಹೋದ ಚಿರೇಕಲ್ಲಿನ ಕ್ವಾರಿ ಇತ್ತು. ಅಂಚಿಗೆ ಬೇಲಿಯಿಲ್ಲ, ಒಳಗೆ ಹಸಿರುಗಟ್ಟಿದ ನೀರು. ಈಗಲೂ ರಾತ್ರಿ ಒಮ್ಮೊಮ್ಮೆ ಆ ನೀರು ಕಣ್ಣೆದುರು ಬರುತ್ತದೆ. ಔಷಧ, ಎಕ್ಸ್‌ರೇ, ಮೂರು ವಾರ ಅಂಗಡಿ ಮುಚ್ಚಿದ ನಷ್ಟ ಎಲ್ಲ ಸೇರಿಸಿದರೆ ಮೂರು ವರ್ಷಗಳಲ್ಲಿ ಮೂವತ್ತು ಸಾವಿರಕ್ಕೆ ಕಡಿಮೆಯಾಗಿಲ್ಲ. ಮನೆಯಲ್ಲಿ ಈ ಲೆಕ್ಕವನ್ನು ನನಗಿಂತ ಚೆನ್ನಾಗಿ ಇಟ್ಟಿದ್ದಾರೆ.

ದಾರಿ ತೋರಿಸಿದವರು ಕುಮಟಾ ಹತ್ತಿರದ ಬಾಡ ಊರಿನ ಮೇಲಿನ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಹುಲ್ಲು ಕೊಯ್ಯುತ್ತಿದ್ದ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು. ಕುಂಟುತ್ತಾ ಇಳಿಯುತ್ತಿದ್ದವನನ್ನು ಕೂರಿಸಿ, ಏಕೆ ಬಂದದ್ದೆಂದು ಕೇಳಿದರು. ಹೂವಿಗೆಂದೆ. "ದನ ಎಲ್ಲಿ ಬಾಯಿ ಹಾಕುವುದಿಲ್ಲವೋ ಅಲ್ಲಿ ನೋಡು ತಮ್ಮ. ನೀನು ದನದ ದಾರಿಯಲ್ಲೇ ತಿರುಗುತ್ತಿದ್ದೀಯ" ಎಂದರು. ಮೂರು ವರ್ಷ ನಾನು ಮಾಡಿದ್ದು ಅದನ್ನೇ. ಕಾಲುದಾರಿ ಹೋಗುವುದು ಮಣ್ಣು ದಪ್ಪವಿದ್ದಲ್ಲಿ, ಹುಲ್ಲು ಇದ್ದಲ್ಲಿ. ಹೂವು ಇರುವುದು ಮಣ್ಣು ಉಗುರಿನಷ್ಟು ತೆಳುವಾಗಿದ್ದು, ಅದರ ಮೇಲೆ ನೀರು ಜಿನುಗುತ್ತಲೇ ಇರುವ ಬರಡು ಕಲ್ಲಿನಲ್ಲಿ. ದನಕ್ಕೆ ಅಲ್ಲಿ ಏನೂ ಇಲ್ಲ.

ಎರಡನೆಯದು ಕಾಲ. ಊರಿನಲ್ಲಿ ಎಲ್ಲರೂ ಚೌತಿಯ ಲೆಕ್ಕ ಹೇಳುತ್ತಾರೆ. ಚೌತಿ ಒಂದು ವರ್ಷ ಆಗಸ್ಟ್ ಕೊನೆಗೆ, ಇನ್ನೊಂದು ವರ್ಷ ಸೆಪ್ಟೆಂಬರ್ ನಡುವೆ ಬರುತ್ತದೆ. ಗಿಡಕ್ಕೆ ಆ ಪಂಚಾಂಗ ಗೊತ್ತಿಲ್ಲ. ಮಳೆನಕ್ಷತ್ರ ಮಾತ್ರ ಸೂರ್ಯನ ಲೆಕ್ಕದ್ದು, ತಾರೀಖು ಹೆಚ್ಚು ಸರಿಯುವುದಿಲ್ಲ. ಹುಬ್ಬೆ ಮುಗಿದು ಉತ್ತರೆ ಹಿಡಿಯುವ ಹೊತ್ತು, ಅಂದರೆ ಸೆಪ್ಟೆಂಬರ್ 13ರ ಹಿಂದೆಮುಂದೆ, ಮೂರು ದಿನ ಬಿಸಿಲು ಬಿದ್ದರೆ ನಾಲ್ಕನೆಯ ದಿನ ಹೊರಡಬೇಕು. ಎರಡೇ ದಿನಕ್ಕೆ ಹೊರಟರೆ ಹಾವಸೆ ಆರಿರುವುದಿಲ್ಲ. ವಾರ ಕಾದರೆ ತೆಳುಮಣ್ಣು ಬಿರಿಯತೊಡಗುತ್ತದೆ.

ಮೂರನೆಯದು ಕಾಲಿನದು. ಶೂ ಮಾರಿಬಿಟ್ಟೆ, 1,200 ಬಂತು. 380 ರೂಪಾಯಿಯ ಸಾದಾ ಕ್ಯಾನ್ವಾಸ್ ಶೂ ತಂದು ಅಡಿಗೆ ಕತ್ತದ ಹಗ್ಗ ಸುತ್ತಿದೆ. ಹಾವಸೆಯ ಮೇಲೆ ರಬ್ಬರ್ ಜಾರುತ್ತದೆ, ತೆಂಗಿನ ನಾರು ಕಚ್ಚುತ್ತದೆ. ಬಸ್ಸಿನಲ್ಲಿ ಹತ್ತಿದವರು, ಇಳಿದವರು ಎಲ್ಲರೂ ನಕ್ಕರು. ಎರಡು ದಿನ ನಾನು ಒಮ್ಮೆಯೂ ಬೀಳಲಿಲ್ಲ. ಹಗ್ಗ ನಡಿಗೆಯಲ್ಲಿ ಸಡಿಲಾಗದಂತೆ ಹಾಕುವ ಗಂಟೊಂದಿದೆ. ಅದನ್ನು ಕಂಡುಕೊಳ್ಳಲು ಒಂದು ಇಡೀ ಬೇಸಿಗೆ ಹಿಡಿದಿದೆ, ಸದ್ಯಕ್ಕೆ ನನ್ನ ಬಳಿಯೇ ಇರಲಿ.

ನಡುವೆ ಮನೆಯಲ್ಲೂ ಒಂದು ಪ್ರಯೋಗ ನಡೆಯಿತು. ಮೇ ತಿಂಗಳಲ್ಲಿ ಕಲ್ಲಿನ ಬಿರುಕಿನಿಂದ ಎರಡು ಹಿಡಿ ಧೂಳು ಗುಡಿಸಿ ತಂದು ನಾಲ್ಕು ಐಸ್‌ಕ್ರೀಮ್ ಡಬ್ಬಿಗಳಿಗೆ ಹಂಚಿ ಮಹಡಿಯ ಮೇಲಿಟ್ಟೆ. ಎರಡಕ್ಕೆ ಸೂರಿನಿಂದ ಬಿದ್ದ ಮಳೆನೀರು, ಎರಡಕ್ಕೆ ನಮ್ಮ ಸವುಳು ಬಾವಿಯ ನೀರು. ಇಪ್ಪತ್ತು ದಿನಕ್ಕೆ ನಾಲ್ಕರಲ್ಲೂ ಹಸಿರು ಕೂದಲು ಎದ್ದಿತು. ಜುಲೈ ಹೊತ್ತಿಗೆ ಬಾವಿನೀರಿನವು ಕಂದಿ ಸತ್ತವು. ಮಳೆನೀರಿನ ಒಂದು ಡಬ್ಬಿಯಲ್ಲಿ ಸೆಪ್ಟೆಂಬರ್ ಮೊದಲ ವಾರ ಒಂದೇ ಒಂದು ನೀಲಿ ಹೂವು ಬಿಟ್ಟಿತು. ಅದನ್ನು ಕಂಡ ಮೇಲೆಯೇ ಗುಡ್ಡದಲ್ಲೂ ಶುರುವಾಗಿದೆ ಎಂದು ನನಗೆ ಧೈರ್ಯ ಬಂದದ್ದು. ಎಂಟು ತಿಂಗಳು ಸುಟ್ಟ ಧೂಳಿನಲ್ಲಿ ಅಷ್ಟು ಜೀವವಿತ್ತು.

ನಾಲ್ಕನೆಯ ವರ್ಷ ಬೆಳಗಿನ ಬಸ್ಸಿನಲ್ಲಿ ಬಾಡಕ್ಕೆ ಹೋಗಿ ಏಳಕ್ಕೆ ಮೊದಲೇ ಗುಡ್ಡ ಹತ್ತಿದೆ. ಚೀಲದಲ್ಲಿ ಅವಲಕ್ಕಿ, ಬೆಲ್ಲ, ಮುರುಗಲ ಸಿಪ್ಪೆ ಹಾಕಿದ ಎರಡು ಲೀಟರ್ ನೀರು, ಕೊಡೆ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ. ಒಬ್ಬನೇ ಹೋಗುವುದರಿಂದ ಎರಡೆರಡು ಗಂಟೆಗೊಮ್ಮೆ ಮನೆಗೆ ಸಂದೇಶ ಕಳಿಸುವ ಕರಾರು ಮಾಡಿಕೊಂಡಿದ್ದೆ. ಮೊದಲ ಕಲ್ಲುಹಾಸಿನಲ್ಲಿ ಹುಲ್ಲು, ಕರ್ಣಕುಂಡಲದ ಜಾತಿಯ ಗುಲಾಬಿ ಹೂವು, ಅಷ್ಟೇ. ದನದ ದಾರಿ ಬಿಟ್ಟು ನೀರಿನ ಹಿಂದೆ ಹೋದೆ. ಒಂದು ದಿಣ್ಣೆ ದಾಟಿದ ಕೂಡಲೇ ಕಾಲು ನಿಂತಿತು. ಬಟ್ಟೆಗೆ ಹಾಕುವ ನೀಲಿ ಕದಡಿದ ನೀರನ್ನು ಯಾರೋ ಕೆಂಪು ಕಲ್ಲಿನ ಮೇಲೆ ಚೆಲ್ಲಿದಂತಿತ್ತು. ವಿಸ್ತಾರ ಒಂದು ಎಕರೆಗೆ ಕಡಿಮೆಯಿಲ್ಲ. ಎಲ್ಲ ಯುಟ್ರಿಕ್ಯುಲೇರಿಯಾ ಎಂಬ ಹುಳ ತಿನ್ನುವ ಗಿಡ. ಮರಾಠಿಯವರು ಇದನ್ನು ಸೀತೆಯ ಕಣ್ಣೀರು ಎನ್ನುತ್ತಾರೆ. ಸಾತಾರದ ಕಾಸ್ ಪ್ರಸ್ಥಭೂಮಿಗೆ ಜನ ದೂರದೂರದಿಂದ ಹೋಗುವುದು ಇಂಥದ್ದನ್ನು ನೋಡಲೆಂದೇ. ನಮ್ಮ ಗುಡ್ಡದಲ್ಲಿ ಆ ದಿನ ನಾನೊಬ್ಬನೇ ಇದ್ದೆ.

ಕೊಡೆ ಬಿಡಿಸಿಟ್ಟು ಹೊಟ್ಟೆಯ ಮೇಲೆ ಮಲಗಿದೆ. ದಾರದಂಥ ದಂಟು, ತುದಿಯಲ್ಲಿ ಕಿರುಬೆರಳ ಉಗುರಿನಷ್ಟು ಹೂವು, ಕೆಳತುಟಿಯ ಬುಡದಲ್ಲಿ ಬಿಳಿಯ ಗುರುತು. ಈ ಗಿಡಕ್ಕೆ ಬೇರಿಲ್ಲ. ಹರಿವ ನೀರು ಒಂದು ಗಿಡದ ಬುಡ ಬಿಡಿಸಿತ್ತು, ಅದರ ಎಳೆಗಳಲ್ಲಿ ರಾಗಿಕಾಳಿಗಿಂತ ಚಿಕ್ಕ ಪಾರದರ್ಶಕ ಚೀಲಗಳು ಕಂಡವು. ನೀರಿನಲ್ಲಿ ಕಣ್ಣಿಗೆ ಕಾಣದ ಹುಳ ತಾಗಿದರೆ ಆ ಚೀಲ ಒಳಗೆಳೆದುಕೊಳ್ಳುತ್ತದೆ. ಕಲ್ಲಿನಲ್ಲಿ ಸತ್ವವಿಲ್ಲದ್ದಕ್ಕೆ ಗಿಡ ಕಂಡುಕೊಂಡ ದಾರಿ ಇದು. ಪಕ್ಕದಲ್ಲೇ ಹುಳ ಹಿಡಿಯುವ ಇನ್ನೊಂದು ಗಿಡ, ಡ್ರಾಸೆರಾ ಇತ್ತು. ಎಲೆಯ ಕೂದಲುಗಳ ತುದಿಯಲ್ಲಿ ಅಂಟಿನ ಹನಿಗಳು, ಒಂದಕ್ಕೆ ಸಣ್ಣ ನೊಣ ಸಿಕ್ಕಿಕೊಂಡಿತ್ತು. ಗಡಿಯಾರ ನೋಡುತ್ತಾ ಕಾದೆ. ಅರ್ಧ ಗಂಟೆಯಲ್ಲಿ ಸುತ್ತಲಿನ ಕೂದಲುಗಳು ಅದರತ್ತ ಬಾಗಿದ್ದವು. ಭೂತಗನ್ನಡಿ ಉಸಿರಿಗೆ ಮಂಜಾಗದಂತೆ ಒಂದು ಉಪಾಯ ಮಾಡಿಕೊಂಡಿದ್ದೇನೆ, ಅದನ್ನೂ ಈಗ ಹೇಳುವುದಿಲ್ಲ. ಹಾಗೆಯೇ ಆ ಎಕರೆ ಯಾವ ದಿಣ್ಣೆಯ ಆಚೆಗಿದೆ ಎಂಬುದನ್ನೂ. ಬೇರೊಂದು ಹಾಸಿನಲ್ಲಿ ಜೀಪಿನ ಗಾಲಿಯ ಗುರುತು ನೋಡಿದ್ದೇನೆ. ತೆಳುಮಣ್ಣು ಕಿತ್ತುಬಂದು ಕಲ್ಲು ಬರಿದಾಗಿತ್ತು, ಮರುವರ್ಷವೂ ಅಲ್ಲಿ ಒಂದು ಹುಲ್ಲೂ ಹುಟ್ಟಿರಲಿಲ್ಲ.

ಬೆರಳುದ್ದ ನೀರು ನಿಂತ ಹೊಂಡಗಳಲ್ಲಿ ಎರಿಯೋಕಾಲನ್ ಎಂಬ ಗಿಡದ ಹೂವು, ಗುಂಡುಸೂಜಿಗಳನ್ನು ತಲೆ ಮೇಲಾಗಿ ಚುಚ್ಚಿಟ್ಟಂತೆ ಬಿಳಿಬಿಳಿ. ಎರಡು ದಿನದಲ್ಲಿ 31 ಬಗೆ ಎಣಿಸಿದೆ, ಹೆಸರು ಹಿಡಿಯಲಾದದ್ದು ಹದಿನಾಲ್ಕೋ ಹದಿನೈದೋ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇದೇ ಕರಾವಳಿಯಲ್ಲಿ ತಿರುಗಿದ್ದ. ನಾವು ಇದನ್ನು ಪಾಗಾರಕ್ಕೆ, ಗೋಡೆಗೆ ಎಂದಷ್ಟೇ ಲೆಕ್ಕ ಹಾಕುತ್ತೇವೆ. ಮಿರ್ಜಾನ್ ಕೋಟೆಯೂ ಇದರದ್ದೇ.

ರಾತ್ರಿ ಅಘನಾಶಿನಿ ಊರಿನಲ್ಲಿ ಪರಿಚಯದವರ ಜಗುಲಿಯಲ್ಲಿ ಕಳೆದೆ. ಮಾರನೆಯ ದಿನ ತಾರಿ ದೋಣಿಯಲ್ಲಿ ತದಡಿಗೆ ದಾಟಿ ಬೇಲೆಕಾನದ ಕಡೆಯ ಗುಡ್ಡ ಹಿಡಿದೆ. ಅಲ್ಲಿ ಹೂವು ಕಡಿಮೆ. ಬೇಲಿಗಳಲ್ಲಿ ಗೌರಿ ಹೂವು ಮಾತ್ರ ಬೆಂಕಿಯಂತೆ ಉರಿಯುತ್ತಿತ್ತು. ಮಧ್ಯಾಹ್ನ ಒಂದೂವರೆಗೆ ಘಟ್ಟದ ಕಡೆಯಿಂದ ಗುಡುಗು ಕೇಳಿತು. ಈ ಕಾಲದಲ್ಲಿ ಮೇಲೆ ಹೋಗುವವರು ಇದೊಂದನ್ನು ಮರೆಯಬಾರದು: ಬೋಳುಗುಡ್ಡದಲ್ಲಿ ಎತ್ತರವಾಗಿ ನಿಂತಿರುವುದು ನೀವೊಬ್ಬರೇ. ಇನ್ನೂ ನೋಡಬೇಕೆಂಬ ಆಸೆ ಬಿಟ್ಟು ಕೂಡಲೇ ಇಳಿದೆ, ಕಾಲು ಗಂಟೆಯಲ್ಲಿ ಸಿಡಿಲು ಬಡಿಯಿತು. ಐದರ ಸುಮಾರಿಗೆ ಒದ್ದೆಯಾಗಿ ಗೋಕರ್ಣ ತಲುಪಿದೆ. ಶೂ, ಹಗ್ಗ, ಬಸ್ಸು, ದೋಣಿ, ಚಹಾ, ಊಟ ಎಲ್ಲ ಸೇರಿ ಖರ್ಚು 700 ದಾಟಲಿಲ್ಲ.

ಚಿತ್ರಗಳನ್ನು ತೋರಿಸಿದಾಗ ಭಾವಮೈದ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದು ನಮ್ಮ ಬಾಡದ್ದೇ?" ಎಂದು ಎರಡು ಸಲ ಕೇಳಿದ. ಈ ಸಲ ಮೇ ತಿಂಗಳಲ್ಲಿ ಧೂಳು ತರಲು ಅವನೂ ಜೊತೆಗೆ ಬಂದಿದ್ದ. ಮಹಡಿಯ ಮೇಲೆ ಈಗ ಹನ್ನೆರಡು ಡಬ್ಬಿಗಳಿವೆ. ಬಾವಿನೀರು ಯಾವುದಕ್ಕೂ ಹಾಕಿಲ್ಲ.