ಒಂದೇ ಅಡಾಪ್ಟರ್‌ಗೆ ನಾಲ್ಕು ಕ್ಯಾಮೆರಾ: ಎಷ್ಟು ಆಂಪ್ ಬೇಕು?

ಹಗಲೆಲ್ಲ ತೆಪ್ಪಗೆ ಕೆಲಸ ಮಾಡುತ್ತಿದ್ದ ನನ್ನ ನಾಲ್ಕು ಕ್ಯಾಮೆರಾಗಳು ಕತ್ತಲಾದ ಕೂಡಲೇ ಒಟ್ಟಿಗೆ ಆಫ್ ಆಗಿ, ಮತ್ತೆ ಆನ್ ಆಗಿ, ಮತ್ತೆ ಆಫ್ ಆಗುತ್ತಿದ್ದವು. ಎರಡು ವಾರ ಕ್ಯಾಮೆರಾಗಳನ್ನೇ ಬೈದೆ. ತಪ್ಪು ನನ್ನದು: ನಾಲ್ಕನ್ನೂ 12 ವೋಲ್ಟ್, 2 ಆಂಪ್‌ನ ಒಂದೇ ಅಡಾಪ್ಟರ್‌ಗೆ ಪ್ಯಾರಲಲ್ ಆಗಿ, ಅಂದರೆ ಒಂದೊಂದಕ್ಕೂ ಬೇರೆ ಬೇರೆ ಕವಲು ತೆಗೆದು, ಕೊಟ್ಟಿದ್ದೆ.

ಪ್ಯಾರಲಲ್‌ನಲ್ಲಿ ವೋಲ್ಟೇಜ್ ಎಲ್ಲಕ್ಕೂ ಒಂದೇ, ಕರೆಂಟ್ (ಆಂಪ್‌ನಲ್ಲಿ ಅಳೆಯುವುದು) ಮಾತ್ರ ಕೂಡುತ್ತಾ ಹೋಗುತ್ತದೆ. ಹಾಗಾಗಿ ಮೊದಲು ಎಲ್ಲದರ ಲೇಬಲ್ ಓದಿ: ವೋಲ್ಟ್ ಒಂದೇ ಇರಬೇಕು, ಎಸಿಯೋ ಡಿಸಿಯೋ ಹೊಂದಬೇಕು, ಪಿನ್‌ನ ಒಳಗಡೆ ಪ್ಲಸ್ಸೋ ಮೈನಸ್ಸೋ ನೋಡಬೇಕು. 9 ವೋಲ್ಟ್‌ನ ರೂಟರನ್ನೂ ಇದಕ್ಕೇ ಸಿಕ್ಕಿಸೋಣ ಅನ್ನುವ ಆಸೆ ಬೇಡ.

ಆಮೇಲೆ ಆಂಪ್. ಮಲ್ಟಿಮೀಟರ್ ಇಟ್ಟು ನೋಡಿದಾಗ ಒಂದು ಕ್ಯಾಮೆರಾ ಹಗಲು 0.3 ಆಂಪ್ ಎಳೆಯುತ್ತಿತ್ತು. ರಾತ್ರಿ ಕತ್ತಲಲ್ಲಿ ನೋಡಲು ಅದರಲ್ಲಿರುವ ಇನ್‌ಫ್ರಾರೆಡ್ ಎಲ್‌ಇಡಿ ಹೊತ್ತಿಕೊಂಡರೆ 0.7. ನಾಲ್ಕಕ್ಕೆ ಹಗಲು 1.2, ರಾತ್ರಿ 2.8. ಕೂಡಬೇಕಾದ್ದು ಈ ರಾತ್ರಿಯ ಲೆಕ್ಕ. ಮೋಟಾರ್ ಇದ್ದರೆ ಇನ್ನೂ ಎಚ್ಚರ, ಶುರುವಾಗುವ ಕ್ಷಣದಲ್ಲಿ ಅದು ಹಲವು ಪಟ್ಟು ಎಳೆಯುತ್ತದೆ. ಅಳೆಯಲು ಆಗದಿದ್ದರೆ ಲೇಬಲ್ ನಂಬಿ: ನನ್ನವುಗಳ ಮೇಲೆ ತಲಾ 1 ಆಂಪ್ ಅಂತಿತ್ತು, ಒಟ್ಟು 4. ಅಡಾಪ್ಟರನ್ನು ಶೇ. 80ಕ್ಕಿಂತ ಹೆಚ್ಚು ದುಡಿಸಬಾರದು ಅನ್ನುವುದು ನನ್ನ ಲೆಕ್ಕ. 4 ಅಂದರೆ 5ರ ಶೇ. 80, ಹಾಗಾಗಿ ಲೇಬಲ್ಲಿನ ಲೆಕ್ಕಕ್ಕೇ 5 ಆಂಪ್‌ನದು ತಂದೆ.

5 ಆಂಪ್ ಅಂದರೆ ಕ್ಯಾಮೆರಾ ಸುಟ್ಟುಹೋಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಇಲ್ಲ, ಪ್ರತಿಯೊಂದೂ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಅಪಾಯ ಇರುವುದು ವೈರ್ ಶಾರ್ಟ್ ಆದಾಗ: ಸಣ್ಣ ವೈರಿನಲ್ಲಿ 5 ಆಂಪ್ ಹರಿದರೆ ಬಿಸಿಯಾಗುತ್ತದೆ. ಅದಕ್ಕೇ ಅಡಾಪ್ಟರ್ ಕಡೆಯ ತುದಿಯಲ್ಲೇ ಒಂದೊಂದು ಕವಲಿಗೂ 1.5 ಆಂಪ್ ಫ್ಯೂಸ್ ಹಾಕಿದೆ. ಹಳೆಯ 2 ಆಂಪ್‌ನವು ಎರಡಿದ್ದವು, ಔಟ್‌ಪುಟ್ ಸೇರಿಸಿಬಿಟ್ಟರೆ 4 ಆಗುತ್ತದಲ್ಲ ಅಂತಲೂ ಯೋಚಿಸಿದ್ದೆ. ಮಾಡಬೇಡಿ. ಎರಡರ ವೋಲ್ಟೇಜ್ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಹೆಚ್ಚಿರುವುದೇ ಬಹುಪಾಲು ಭಾರ ಹೊರುತ್ತದೆ. ಬೇಕಿದ್ದರೆ ಎರಡೆರಡು ಕ್ಯಾಮೆರಾಗೆ ಒಂದೊಂದು ಬೇರೆ ಬೇರೆಯಾಗಿ ಕೊಡಿ; ನನ್ನ ಅಳತೆಯಂತೆ ಎರಡಕ್ಕೆ ರಾತ್ರಿ 1.4 ಆಂಪ್ ಅಷ್ಟೇ.

ಹೊಸದು ಹಾಕಿದ ರಾತ್ರಿ ಮೂರು ಸರಿಹೋದವು. 20 ಮೀಟರ್ ದೂರದ ನಾಲ್ಕನೆಯದು ಹಳೇ ಚಾಳಿ ಬಿಡಲಿಲ್ಲ. ಅದರ ಬುಡದಲ್ಲೇ ಅಳೆದರೆ 9.6 ವೋಲ್ಟ್! ಅಲ್ಲಿಗೆ ಎಳೆದಿದ್ದು 0.2 ಚದರ ಮಿಲಿಮೀಟರ್‌ನ ತಾಮ್ರದ ವೈರ್. ಹೋಗಿ ಬರುವ 40 ಮೀಟರಿಗೆ ಸುಮಾರು 3.4 ಓಮ್, 0.7 ಆಂಪ್‌ಗೆ 2.4 ವೋಲ್ಟ್ ದಾರಿಯಲ್ಲೇ ಮಾಯ. 1 ಚದರ ಮಿಲಿಮೀಟರ್‌ನದು ಎಳೆದೆ. ಕತ್ತಲಾದ ಮೇಲೆ ಮತ್ತೆ ಏಣಿ ಹತ್ತಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಅಳೆದೆ: 11.5.