ಕೆಂಪು ಪೆನ್ನು, ನೀಲಿ ಪೆನ್ನು ಮತ್ತು ಬ್ರೂನೊ ಮತ್ತೇಯಿ: ನನ್ನ ಅನುಭವ
ನಾನು ಎಡಿಟರ್. ಮದುವೆ ವಿಡಿಯೊ ಜಾಸ್ತಿ, ಆಗೊಮ್ಮೆ ಈಗೊಮ್ಮೆ ಕಿರುಚಿತ್ರ. ಆಷಾಢದಲ್ಲಿ ಮದುವೆ ಇರಲ್ಲ, ಕೈ ಖಾಲಿ. ಹೋದ ಆಷಾಢದಲ್ಲಿ ಇಟಲಿಯ ಬ್ರೂನೊ ಮತ್ತೇಯಿ ಸಿನಿಮಾಗಳ ಹಿಂದೆ ಬಿದ್ದೆ. ಕಡಿಮೆ ದುಡ್ಡಿನ ಜೋಂಬಿ, ಇಲಿ, ಶಾರ್ಕ್ ಸಿನಿಮಾಗಳ ನಿರ್ದೇಶಕ.

ಹುಡುಕೋದೇ ಕಷ್ಟ ಆಯಿತು. ಟೈಟಲ್ ಕಾರ್ಡಿನಲ್ಲಿ ಒಮ್ಮೆ ವಿನ್ಸೆಂಟ್ ಡಾನ್, ಇನ್ನೊಮ್ಮೆ ವಿಲಿಯಂ ಸ್ನೈಡರ್. ಹೊರದೇಶದಲ್ಲಿ ಓಡಲಿ ಅಂತ ಆಗಿನ ಇಟಲಿಯವರು ಇಂಗ್ಲಿಷ್ ಹೆಸರು ಇಟ್ಟುಕೊಳ್ಳುತ್ತಿದ್ದರು. ಸ್ನೈಡರ್ ಯಾರೋ ಅಮೆರಿಕದವನು ಅಂದುಕೊಂಡು ಆ ಹೆಸರಿದ್ದ ಶಾರ್ಕ್ ಸಿನಿಮಾವನ್ನು ಎರಡು ವಾರ ಪಕ್ಕಕ್ಕೇ ಇಟ್ಟಿದ್ದೆ.

ಮೊದಲು ಕಥೆಗಾಗಿ ನೋಡಿದೆ. ನಿದ್ದೆ ಬಂತು. 1931ರಲ್ಲಿ ರೋಮಿನಲ್ಲಿ ಹುಟ್ಟಿದ ಈತ, ನಿರ್ದೇಶನಕ್ಕೆ ಬರುವ ಮೊದಲು ವರ್ಷಗಟ್ಟಲೆ ಎಡಿಟಿಂಗ್ ಮಾಡಿದವನು ಅಂತ ಆಮೇಲೆ ಗೊತ್ತಾಯಿತು. ನಮ್ಮ ಜಾತಿಯವನೇ! ಕಥೆ ಬಿಟ್ಟು ಕಟ್ ನೋಡಲು ಕೂತೆ. ಒಂದು ನೋಟ್‌ಬುಕ್, ಎರಡು ಪೆನ್ನು. ಆತನೇ ಶೂಟ್ ಮಾಡಿದ್ದು ನೀಲಿ, ಬೇರೆ ಕಡೆಯಿಂದ ಎತ್ತಿದ್ದು ಕೆಂಪು.

1980ರ ‘ವೈರಸ್’ ಕಥೆ ನಡೆಯೋದು ನ್ಯೂಗಿನಿಯಲ್ಲಿ, ಶೂಟಿಂಗ್ ಆಗಿದ್ದು ಸ್ಪೇನಿನಲ್ಲಿ. ಹಾಗಾದರೆ ಬುಡಕಟ್ಟಿನ ಜನ, ಕಾಡು? ಬಾರ್ಬೆ ಶ್ರೋಡರ್ ನ್ಯೂಗಿನಿಗೇ ಹೋಗಿ ತೆಗೆದ 1972ರ ‘ಲಾ ವಾಲೆ’ ಸಿನಿಮಾದ ತುಣುಕುಗಳನ್ನು ತಂದು ಮತ್ತೇಯಿ ನಡುನಡುವೆ ಸೇರಿಸಿದ್ದಾನೆ. ನಾಯಕಿ ಮೈಗೆ ಬಣ್ಣ ಬಳಿದುಕೊಂಡು ಹಳ್ಳಿಗೆ ಹೊರಡುತ್ತಾಳೆ. ಅವಳ ಮುಖ, ಕಟ್, ಊರಿನ ಜನ, ಕಟ್, ಮತ್ತೆ ಅವಳ ಮುಖ. ನಿಲ್ಲಿಸಿ ನೋಡಿದರೆ ಗ್ರೇನ್, ಅಂದರೆ ಫಿಲ್ಮಿನ ಸಣ್ಣ ಚುಕ್ಕೆಗಳೇ ಬೇರೆ, ಬಿಸಿಲೇ ಬೇರೆ. ಸಂಗೀತವೂ ಗಾಬ್ಲಿನ್ ತಂಡ ಬೇರೆ ಸಿನಿಮಾಗಳಿಗೆ ಮಾಡಿಕೊಟ್ಟಿದ್ದೇ.

ಜೋರಾಗಿ ನಕ್ಕೆ. ಆಮೇಲೆ ನನ್ನದೇ ಒಂದು ಕೆಲಸ ನೆನಪಾಯಿತು. ಒಂದು ಮದುವೆಯಲ್ಲಿ ಧಾರೆ ಹೊತ್ತಿಗೆ ಎರಡನೇ ಕ್ಯಾಮೆರಾ ಬ್ಯಾಟರಿ ಹೋಗಿತ್ತು. ಇನ್ನೊಂದು ಮದುವೆಯ ಓಲಗದವರ ಕ್ಲೋಸಪ್ ಎತ್ತಿ ಅಲ್ಲಿ ಕೂರಿಸಿದ್ದೆ. ಗಟ್ಟಿಮೇಳ ಗಟ್ಟಿಮೇಳವೇ ಅಲ್ವಾ? ಹುಡುಗಿ ಮನೆಯವರು ಇವತ್ತಿಗೂ ಕೇಳಿಲ್ಲ.

ಆದರೆ 1995ರ ‘ಕ್ರೂಯಲ್ ಜಾಸ್’ ಬಗ್ಗೆ ಹೀಗೆ ಮಾತಾಡಲು ಆಗಲ್ಲ. ಆ ಸ್ನೈಡರ್ ಸಿನಿಮಾ ಇದೇ. ಶಾರ್ಕ್ ಬಂದಾಗಲೆಲ್ಲ ಅದು ಬೇರೆ ಯಾರದೋ ಶಾರ್ಕ್. ಸ್ಪೀಲ್‌ಬರ್ಗ್‌ನ ‘ಜಾಸ್’ನದನ್ನೂ ಬಿಟ್ಟಿಲ್ಲ. ಇದು ಜಾಣತನ ಅಲ್ಲ, ಸೀದಾ ಕಳ್ಳತನ. ಕೆಂಪು ಪೆನ್ನು ಮುಗಿದಿದ್ದು ಇಲ್ಲೇ.

ನನ್ನ ಲೆಕ್ಕ ತಪ್ಪಿದ್ದು 1988ರ ‘ಝೋಂಬಿ 3’ಯಲ್ಲಿ. ಫಿಲಿಪ್ಪೀನ್ಸಿನ ಶೂಟಿಂಗನ್ನು ಅದರ ನಿರ್ದೇಶಕ, ಇಟಲಿಯವರೇ ಆದ ಲೂಚಿಯೊ ಫುಲ್ಚಿ ಅರ್ಧಕ್ಕೆ ಬಿಟ್ಟು ಹೊರಟರು. ಉಳಿದಿದ್ದನ್ನು ಮತ್ತೇಯಿ ಮುಗಿಸಿಕೊಟ್ಟ. ಕಾರ್ಡಿನಲ್ಲಿ ಹೆಸರು ಫುಲ್ಚಿಯದು. ಯಾವ ಶಾಟ್ ಯಾರದು ಅಂತ ಮೂರು ಸಲ ಹಿಂದೆ ಮುಂದೆ ಓಡಿಸಿದೆ. ಕಟ್ ಅಷ್ಟು ನೀಟಾಗಿ ಕೂತಿದೆ ಅಂತಲ್ಲ, ಎರಡೂ ಒಂದೇ ಥರ ಒರಟು. ಆ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿಟ್ಟಿದ್ದೇನೆ.

ಮತ್ತೇಯಿ ತೀರಿಕೊಂಡಿದ್ದು 2007ರಲ್ಲಿ. ಕೊನೆಯ ವರ್ಷಗಳಲ್ಲಿ ಫಿಲಿಪ್ಪೀನ್ಸಿನಲ್ಲೇ ಡಿಜಿಟಲ್ ವಿಡಿಯೊದಲ್ಲಿ ತೆಗೆದವು ನನಗಿನ್ನೂ ಬಾಕಿ ಇವೆ. ಅಷ್ಟರಲ್ಲಿ ಶ್ರಾವಣ ಬಂತು, ಮೂರು ಮದುವೆ ಬುಕ್ ಆದವು.